ಬರ್ನ್‌ಔಟ್ ಯಾರಿಗೆ ಬರುತ್ತದೆ?

ನವೆಂಬರ್‌ನ ಎರಡನೇ ಭಾನುವಾರ, ಬೆಳಿಗ್ಗೆ ಹನ್ನೊಂದು ಗಂಟೆ. ಡಚ್ಚರ ನಾಡು, ಹೂಫ್‌ಡಾರ್ಪ್‌ನ ಒಂದು ಬಸ್ ಸ್ಟಾಪ್. ಹಾಜರಿದ್ದವರು: ನಾನು, ರೇಣುಕಾ, ಅವಳ ತೊಡೆಯ ಮೇಲೆ ಬಿಸಿಬೇಳೆಬಾತಿನ ಡಬ್ಬಿ. (ಧಾರವಾಡದಲ್ಲಿ ಆಸ್ಪತ್ರೆ ನರ್ಸ್ ಆಗಿದ್ದವಳು ನಾನು. ಡ್ಯೂಟಿ ವರದಿಯ ಹಾಗೆ ಶುರು ಮಾಡದಿದ್ದರೆ ಕೈ ಓಡುವುದಿಲ್ಲ.)

ನಮ್ಮ ಕನ್ನಡ ಬಳಗದ ಪ್ರಶಾಂತನಿಗೆ ಬರ್ನ್‌ಔಟ್, ಕೆಲಸದ ಒತ್ತಡಕ್ಕೆ ಮೈಮನಸ್ಸು ಸೋತಿದೆ. ದೊಡ್ಡ ಕಂಪನಿ, ಕಾಯಂ ಕೆಲಸ. ಕಂಪನಿಯ ಡಾಕ್ಟರೇ ವಿಶ್ರಾಂತಿ ಹೇಳಿದ್ದಾರೆ. ಸಂಬಳ ಬರುತ್ತಿದೆ. ನೂರ್ಡ್‌ವೈಕ್‌ನ ಸಮುದ್ರದ ದಂಡೆಯಲ್ಲಿ ನಡೆದು ಬನ್ನಿ ಎಂದಿದ್ದಾರಂತೆ. ಬಳಗದ ವಾಟ್ಸಾಪ್ ಗ್ರೂಪಿನಲ್ಲಿ ಅವನ ಮನೆಗೆ ಊಟ ಒಯ್ಯುವ ಪಾಳಿ ತಯಾರಾಯಿತು. ಆ ಭಾನುವಾರ ರೇಣುಕಾಳ ಪಾಳಿ, ಜೊತೆಗೆ ನಾನು.

ರೇಣುಕಾ ಗದಗಿನವಳು. ಗಂಡ ಲೈಡನ್‌ನಲ್ಲಿ ಸಂಶೋಧನೆ ಮಾಡುತ್ತಾನೆ. ಇವಳು ಹೂವಿನ ಗೋದಾಮಿನಲ್ಲಿ ಹೂಗುಚ್ಛಗಳಿಗೆ ಲೇಬಲ್ ಅಂಟಿಸುತ್ತಾಳೆ. ಏಜೆನ್ಸಿಯವರು ಕರೆದರೆ ಕೆಲಸ. ಒಂದು ದಿನ ಆಗುವುದಿಲ್ಲ ಎಂದರೆ, ಮತ್ತೆ ಕರೆ ಬರುವ ಭರವಸೆ ಇಲ್ಲ.

ಮನೆಗೆ ಹೋಗಿ ನೋಡಿದರೆ ಪ್ರಶಾಂತ ನಿಜಕ್ಕೂ ಬಳಲಿದ್ದ, ಪಾಪ. ಅವನ ಹೆಂಡತಿ ದೀಪಾ ಡಬ್ಬಿ ತೆಗೆದುಕೊಂಡು, "ನೀನು ಲಕ್ಕಿ ಕಣೇ ರೇಣು. ಲೇಬಲ್ ಅಂಟಿಸಿ ಮನೆಗೆ ಬಂದ್ರೆ ಆಯ್ತು, ಟೆನ್ಷನ್ನೇ ಇಲ್ಲ" ಎಂದಳು. ರೇಣುಕಾ ನಕ್ಕಳು.

ವಾಪಸ್ ಬಸ್ಸಿನಲ್ಲಿ ನಾವಿಬ್ಬರೇ. ಹೊರಗೆ ಸಾಲು ಮನೆಗಳು, ಪರದೆ ಹಾಕದ ದೊಡ್ಡ ಕಿಟಕಿಗಳು. ಒಳಗಿರುವವರೆಲ್ಲ ನಮಗೆ ಕಾಣುತ್ತಾರೆ. ನಮ್ಮನ್ನು ಯಾರೂ ನೋಡುವುದಿಲ್ಲ.

"ಆಂಟಿ, ಮುಂಜಾನೆ ಏಳಾಕ ಆಗವಲ್ದು. ಟಾಯ್ಲೆಟ್‌ನ್ಯಾಗ ಕುಂತು ಅತ್ತು, ಮುಖಾ ತೊಳಕೊಂಡು ಮತ್ತ ಕೆಲಸಕ್ಕ ನಿಲ್ತೀನ್ರಿ. ಇದಕ್ಕ ಏನಂತಾರ್ರಿ?"

ಗಂಡನಿಗೆ ಹೇಳಿದೆಯಾ ಎಂದು ಕೇಳಿದೆ. ದಣಿವಿರಬೇಕು, ಭಾನುವಾರ ಮಲಗಿ ಸುಧಾರಿಸಿಕೋ ಎಂದನಂತೆ. (ಭಾನುವಾರ ಅವಳು ಬಿಸಿಬೇಳೆಬಾತ್ ಮಾಡಿದಳು.)

ನನಗೆ ಹಳೆಯ ವಾರ್ಡುಗಳು ನೆನಪಾದವು. ಸ್ಪೆಷಲ್ ವಾರ್ಡಿನ ಹೆಂಗಸು ಗೋಡೆಗೆ ಮುಖ ಮಾಡಿ ಮಲಗಿದರೆ ಅದು ನರಗಳ ದೌರ್ಬಲ್ಯ. ಟಾನಿಕ್, ಮೂಸಂಬಿ, ಹವಾ ಬದಲಾವಣೆ. ಜನರಲ್ ವಾರ್ಡಿನವಳು ಹಾಗೆಯೇ ಮಲಗಿದರೆ? ನಾಟಕ. ಇಲ್ಲವೇ ದೆವ್ವ. ಈಗ ದೆವ್ವದ ಮಾತು ನಿಂತಿದೆ, ಬರ್ನ್‌ಔಟ್ ಬಂದಿದೆ. ವಾರ್ಡುಗಳು ಮಾತ್ರ ಹಾಗೆಯೇ ಇವೆ.

ಅವಳ ಮನೆಗೇ ಹೋದೆ. ಗಂಡ ಲ್ಯಾಬಿನಲ್ಲಿದ್ದ. ಮಲಗು ಎಂದೆ, ಜಾಕೆಟ್ ಕೂಡ ಬಿಚ್ಚದೆ ಮಲಗಿಬಿಟ್ಟಳು. ಅನ್ನ, ತಿಳಿಸಾರು ಮಾಡಿ, ಎಬ್ಬಿಸಿ ಊಟ ಮಾಡಿಸಿದೆ. ನಾಳೆ ಬೆಳಿಗ್ಗೆ ಎದ್ದ ಕೂಡಲೇ ಬಡಾವಣೆಯ ಡಾಕ್ಟರಿಗೆ ಫೋನ್ ಮಾಡುವುದು, ಇಬ್ಬರೂ ಹೋಗುವುದು ಎಂದು ತೀರ್ಮಾನವಾಯಿತು.

ಮನೆಗೆ ಬಂದು ಗ್ರೂಪಿನಲ್ಲಿ ಬರೆದೆ: ರೇಣುಕಾಗೆ ಹುಷಾರಿಲ್ಲ, ಈ ವಾರ ಅವಳ ಮನೆಗೂ ಊಟ ಹೋಗಬೇಕು.

ದೀಪಾ ತಕ್ಷಣ ಕೇಳಿದಳು: "ಅಯ್ಯೋ, ಏನಾಯ್ತು ಆಂಟಿ? ಜ್ವರಾನಾ?"

ಪ್ರಶಾಂತನಿಗೆ ಆಗಿರುವುದೇ ಇವಳಿಗೂ ಆಗಿದೆ ಎಂದು ಬರೆದೆ.

ಎಲ್ಲರೂ ಓದಿದರು. ರಾತ್ರಿಯಾದರೂ ರೇಣುಕಾಳ ಊಟದ ಪಾಳಿಗೆ ಒಂದು ಹೆಸರೂ ಬರಲಿಲ್ಲ.

ಮಲಗುವ ಮುಂಚಿನ ಕೊನೆಯ ಕೆಲಸ: ಸೋಮವಾರದಿಂದ ಶನಿವಾರದವರೆಗೆ ಆರೂ ಪಾಳಿಗೆ ನನ್ನ ಹೆಸರನ್ನೇ ಹಾಕಿದೆ.