ಅತ್ತೆಗೆ ಉಳಿಯದ ಸುದ್ದಿ

ಪಂಜ ಪೇಟೆಯಲ್ಲಿ ನನ್ನ ಟೈಲರ್ ಅಂಗಡಿಗೂ ಹರಿಣಾಕ್ಷಿಯ ಡಿಟಿಪಿ ಅಂಗಡಿಗೂ ನಡುವೆ ಇರುವುದು ಒಂದು ಹಲಗೆಯ ಗೋಡೆ. ನನ್ನ ಮಿಷನ್ ನಿಂತರೆ ಅವಳ ಕೀಬೋರ್ಡಿನ ಸದ್ದು ಕೇಳುತ್ತದೆ. ಗಂಡ ರೂಪೇಶ ಸತ್ತು, ಹದಿಮೂರನೆಯ ದಿನದ ಬೊಜ್ಜ ಮುಗಿದ ಮರುದಿನವೇ ಆ ಸದ್ದು ಮತ್ತೆ ಶುರುವಾಯಿತು. ಬಾಡಿಗೆಗೆ ಓಡಿಸುತ್ತಿದ್ದ ಪಿಕಪ್ ರಬ್ಬರ್ ಶೀಟ್ ಹೇರಿಕೊಂಡು ಬರುವಾಗ ತಿರುವಿನಲ್ಲಿ ಮಗುಚಿ ಹೋದವನು ಅವನು.

ಊರ ಬಾಯಿಗೆ ಬೀಗ ಹಾಕಲಿಕ್ಕೆ ಆಗುತ್ತದಾ? "ಒಂದು ಹನಿ ಕಣ್ಣೀರು ಹಾಕಲಿಲ್ಲ ಮಾರಾಯ್ರೆ, ಕಲ್ಲು ಹೆಂಗಸು" ಎಂದರು. ನನಗೆ ಮೈ ಉರಿಯುತ್ತಿತ್ತು. ಅಳುವುದೆಂದರೆ ಇವರ ಮುಂದೆ ಹಾಜರಿ ಹಾಕುವುದಾ?

ಅಳುವವರು ಮನೆಯಲ್ಲಿದ್ದರು. ಹರಿಣಾಕ್ಷಿಯ ಅತ್ತೆ ತಿಮ್ಮಕ್ಕ. ಹಿಂದಿನ ವರ್ಷ ತಲೆಯಲ್ಲಿ ರಕ್ತ ಹೆಪ್ಪುಗಟ್ಟಿ ಆಸ್ಪತ್ರೆಯಿಂದ ಬಂದ ಮೇಲೆ ಅವರಲ್ಲಿ ಹೊಸತು ಯಾವುದೂ ನಿಲ್ಲುವುದಿಲ್ಲ. ತಾನು ಮದುವೆಯಾಗಿ ಬರುವಾಗ ಕೊಟ್ಟಿಗೆಯಲ್ಲಿದ್ದ ಹಸುಗಳ ಹೆಸರು ಹೇಳುತ್ತಾರೆ, ಬೆಳಿಗ್ಗೆ ತಿಂದ ದೋಸೆ ನೆನಪಿಲ್ಲ. "ರೂಪೇಶ ಎಲ್ಲಿ?" ಎಂದು ಕೇಳುವುದು, ಸೊಸೆ ನಿಜ ಹೇಳುವುದು, ಎದೆ ಬಡಿದುಕೊಂಡು ಅಳುವುದು, ಅತ್ತು ಮಲಗಿ ಎದ್ದು ಮತ್ತೆ ಅದನ್ನೇ ಕೇಳುವುದು. ಪ್ರತಿ ಸಲವೂ ಮಗ ಆಗ ತಾನೇ ಸತ್ತ ಹಾಗೆ.

ಒಂದು ಮಧ್ಯಾಹ್ನ ಹರಿಣಾಕ್ಷಿ ನನ್ನ ತಂಗಿಯ ಹೊಸ ಮನೆ ಒಕ್ಕಲಿನ ಆಮಂತ್ರಣ ಕಾಗದ ಟೈಪ್ ಮಾಡುವಾಗ ಕರೆಂಟ್ ಹೋಯಿತು. ಯುಪಿಎಸ್ ಕೆಟ್ಟು ಕೂತಿತ್ತು. ಕರೆಂಟ್ ಬಂದಾಗ ನೋಡಿದರೆ ಒಂದಕ್ಷರವೂ ಇಲ್ಲ.

"ಇಷ್ಟೊತ್ತು ಕಣ್ಣೆದುರೇ ಇತ್ತಲ್ಲ, ಎಲ್ಲಿಗೆ ಹೋಯ್ತು?" ಎಂದು ರೇಗಿದೆ.

"ಸೇವ್ ಮಾಡ್ಲಿಕ್ಕೆ ಮರ್ತೆ ವಾಸಂತಕ್ಕ. ಬರೆಯುವಾಗ ಅದು ರ‍್ಯಾಮಿನಲ್ಲಿ ಇರುದು. ಕರೆಂಟ್ ಇರುವಷ್ಟು ಹೊತ್ತು ಮಾತ್ರ. ಸೇವ್ ಮಾಡಿದ್ರೆ ಡಿಸ್ಕಿಗೆ ಹೋಗ್ತದೆ, ಮತ್ತೆ ಕರೆಂಟ್ ಹೋದ್ರೂ ಎಂತ ಆಗುದಿಲ್ಲ." ಕೀಬೋರ್ಡ್ ಹತ್ತಿರ ಎಳೆದುಕೊಳ್ಳುತ್ತಾ ಅದೇ ಸ್ವರದಲ್ಲಿ ಹೇಳಿದಳು, "ಅತ್ತೆಗೂ ಅಷ್ಟೆ. ಹಳತೆಲ್ಲ ಡಿಸ್ಕಿನಲ್ಲಿ ಉಂಟು. ಇವರು ಹೋದದ್ದು ಮಾತ್ರ ಸೇವ್ ಆಗುದಿಲ್ಲ."

"ನಿನಗೆ?"

"ಸೇವ್ ಆಗಿದೆ. ತೆರೆಯುದಿಲ್ಲ."

ಬೆರಳು ಮತ್ತೆ ಮೊದಲ ಸಾಲಿನಿಂದ ಶುರು ಮಾಡಿತು.

ಆಮೇಲೆ ಅವಳು ನಿಜ ಹೇಳುವುದನ್ನೇ ಬಿಟ್ಟಳು. ಕೇಳಿದಾಗೆಲ್ಲ "ಕಡಬಕ್ಕೆ ಬಾಡಿಗೆ ಹೋಗಿದ್ದಾರೆ" ಎನ್ನುವಳು. ತಿಮ್ಮಕ್ಕ ನೆಮ್ಮದಿಯಾಗಿ ವೀಳ್ಯ ಜಗಿಯುವರು. ಸುಳ್ಳು ಹೇಳಿದರೂ ಇವಳ ಮುಖ ಅದೇ, ನಿಜ ಹೇಳುವಾಗಲೂ ಅದೇ ಇತ್ತು.

ಆಟಿ ತಿಂಗಳು ಬಂತು. ಸತ್ತವರಿಗೆ ಎಲೆ ಹಾಕಿ ಬಡಿಸುವ ತಿಂಗಳು. ಈ ಸಲ ರೂಪೇಶನ ಹೆಸರಿಗೂ ಒಂದೆಲೆ. ತಾಯಿಗೆ ಗೊತ್ತಾಗದಂತೆ ಬಡಿಸಬೇಕಿತ್ತು, ಇಲ್ಲದಿದ್ದರೆ ಆ ಅಳು ಮತ್ತೆ ಮೊದಲಿನಿಂದ. "ನೀವು ಅತ್ತೆಯನ್ನು ಜಗಲಿಯಲ್ಲಿ ಕೂರಿಸ್ಕೊಳ್ಳಿ ಅಕ್ಕ" ಎಂದು ನನ್ನನ್ನು ಕರೆದಳು.

ನಾನು ಹಸುಗಳ ಕಥೆ ಕೇಳುತ್ತಾ ಕೂತೆ. ನಡುವೆ ರೂಪೇಶ ಎಲ್ಲಿ ಎಂದು ಕೇಳಿದಾಗ ನಾನೂ ಕಡಬಕ್ಕೆ ಹೋಗಿದ್ದಾನೆ ಎಂದೆ. ಒಳಗಿನಿಂದ ಕೋಳಿಸಾರಿನ ಪರಿಮಳ ಬಂದದ್ದೇ ತಡ, ತಿಮ್ಮಕ್ಕ ಎದ್ದುಬಿಟ್ಟರು. "ಆಟಿಯಲ್ವಾ? ಹಿರಿಯರಿಗೆ ಬಡಿಸುವಾಗ ನಾನು ಬೇಡ್ವಾ?" ಕೈ ಹಿಡಿದರೆ ಕೊಡವಿದರು. ನಾನೂ ಹಿಂದೆಯೇ ಓಡಿದೆ.

ಹಿರಿಯರ ಎಲೆಗಳು ಒಂದು ಸಾಲಿನಲ್ಲಿದ್ದವು. ಕೊನೆಯ ಎಲೆಗೆ ಹರಿಣಾಕ್ಷಿ ರೊಟ್ಟಿ ಮುರಿದು ಹಾಕಿ ಮೇಲೆ ಸಾರು ಬಡಿಸುತ್ತಿದ್ದಳು, ರೂಪೇಶನಿಗೆ ಬೇಕಾದಂತೆ. ಆ ಒಂದು ಎಲೆಯ ತುದಿ ಮಾತ್ರ ಎಡಕ್ಕಿತ್ತು. ಅವರ ಮನೆಯ ಕ್ರಮದಲ್ಲಿ ಬದುಕಿದ್ದವರಿಗೆ ಎಡಕ್ಕೆ, ಸತ್ತವರಿಗೆ ಬಲಕ್ಕೆ. ದಿನವೂ ಗಂಡನಿಗೆ ಹಾಕಿದ ಹಾಗೆ ಹಾಕಿದ್ದಳು, ಅವಳಿಗೇ ಗೊತ್ತಿರಲಿಲ್ಲ.

"ಇದೆಂತದು? ಸತ್ತವರಿಗೆ ಹೀಗೆ ಎಲೆ ಹಾಕುದಾ?" ಎನ್ನುತ್ತಾ ತಿಮ್ಮಕ್ಕ ಕುಕ್ಕರಗಾಲಿನಲ್ಲಿ ಕೂತರು. ಸಾರು ಚೆಲ್ಲದಂತೆ ಎರಡೂ ಕೈಯಿಂದ ಎಲೆಯನ್ನು ಮೆಲ್ಲ ತಿರುಗಿಸಿದರು. ತುದಿ ಬಲಕ್ಕೆ ಬಂತು. ಸುತ್ತ ನೀರು ಬಿಟ್ಟರು. "ಬಂದು ಉಣ್ಣಿ, ನಮ್ಮನ್ನು ಕಾಯಿರಿ" ಎಂದು ಕೈ ಮುಗಿದರು. ಸತ್ತವರು ಬಂದು ಉಣ್ಣಲಿ ಎಂದು ಎಲ್ಲರನ್ನೂ ಹೊರಗೆ ಕಳಿಸಿ, ತಾನೂ ಹೊರಗೆ ಬಂದು ಬಾಗಿಲು ಎಳೆದುಕೊಂಡರು.

ಮುಚ್ಚಿದ ಬಾಗಿಲಿನ ಎದುರು ಹರಿಣಾಕ್ಷಿ ಕುಸಿದಳು. ಅಷ್ಟು ತಿಂಗಳಲ್ಲಿ ಬಾರದ ಅಳು ಹೊಟ್ಟೆಯಿಂದ ಎದ್ದು ಬಂತು. ನಾನೂ ಅತ್ತುಬಿಟ್ಟೆ, ಯಾಕೆ ಸುಳ್ಳು ಹೇಳಲಿ.

ತಿಮ್ಮಕ್ಕನಿಗೆ ಗಾಬರಿಯಾಯಿತು. ಸೊಸೆಯ ತಲೆಯನ್ನು ಮಡಿಲಿಗೆ ಎಳೆದುಕೊಂಡರು.

"ಎಂತ ಆಯ್ತು ಮಗಾ? ರೂಪೇಶ ಎಂತಾದ್ರೂ ಹೇಳಿದನಾ? ಕಡಬದಿಂದ ಬರ್ಲಿ ಅವ, ನಾನು ಕೇಳ್ತೇನೆ."