ಹಡಗಿನಲ್ಲಿ ಸಂಜೆಯೂಟ ಎಷ್ಟು ಹೊತ್ತಿಗೆ

ಆ ದಿನ ಬೆಳಿಗ್ಗೆಯೂ ಎಂದಿನಂತೆ ನೀರು ಸೋಸುವುದರಿಂದಲೇ ಶುರುವಾಯಿತು. ಮನೆಗೆ ಕರೆಂಟಿನ ಫಿಲ್ಟರ್ ಬಂದು ಎಷ್ಟೋ ವರ್ಷವಾಗಿದೆ. ಆದರೂ ಅತ್ತೆಯ ಬಿಂದಿಗೆಗೆ ಬಟ್ಟೆಯಲ್ಲಿ ಸೋಸಿದ ನೀರೇ ಆಗಬೇಕು. ನಲ್ಲಿಯ ಬಾಯಿಗೆ ಕಟ್ಟಿದ ಬಿಳಿ ಬಟ್ಟೆ ಬಿಚ್ಚಿ ಜಾಲಿಸಿ, ಮತ್ತೆ ಕಟ್ಟಿ, ಬಿಂದಿಗೆ ಇಟ್ಟೆ. ಇನ್ನೊಂದು ಕಡೆ ಒಲೆಯ ಮೇಲೆ ಹಾಲು. ನೀರು ತುಂಬುವಷ್ಟರಲ್ಲಿ ಒಂದು ಸಲ ನೋಡಿಬಿಡೋಣ ಎಂದು ಸೆರಗಿಗೆ ಕೈ ಒರೆಸಿಕೊಂಡು ಫೋನ್ ತೆಗೆದೆ. ಹಿಂದಿನ ದಿನ ಕಂಡ ಬೆಲೆ ಇರಲಿಲ್ಲ. ಅದೇ ಹಡಗು, ಅದೇ ಕೋಣೆ, ಅದೇ ತಾರೀಖು, ಬೆಲೆ ಮಾತ್ರ ಬೇರೆ. ಬೆರಳಿನಿಂದ ಪರದೆಯನ್ನು ಕೆಳಗೆಳೆದೆ. ಇನ್ನೊಂದು ಬೆಲೆ ಬಂತು. ಅಷ್ಟರಲ್ಲಿ ಬಿಂದಿಗೆ ತುಂಬಿ ಹರಿಯಿತು, ಹಾಲೂ ಉಕ್ಕಿತು.

ತಿಂಡಿಗೆ ಬಂದ ಮಗಳು ಒಲೆ ಒರೆಸುತ್ತಿದ್ದ ನನ್ನನ್ನು ನೋಡಿ, "ಅಮ್ಮಾ, ನೀನು ಹಡಗು ಬುಕ್ ಮಾಡ್ತಿದೀಯೋ, ಹಡಗು ಕಟ್ತಿದೀಯೋ?" ಎಂದಳು.

ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ದೀಪಾವಳಿ ಕಳೆದಾಗಿನಿಂದ ನಾನು ಇದರಲ್ಲೇ ಬಿದ್ದಿದ್ದೆ. ಮದುವೆಯಾಗಿ ಇಪ್ಪತ್ತು ವರ್ಷವಾಯಿತಲ್ಲ, ಎಲ್ಲರೂ ಒಂದು ಸಲ ದೂರ ಹೋಗಿಬರೋಣ ಎಂದು ಹೇಳಿದವರು ನನ್ನ ಯಜಮಾನರೇ. ಅವರದು ಪಾತ್ರೆ ಅಂಗಡಿ. ಹಾಸನದಲ್ಲಿ ಕೂತು ಮಾರುವುದಕ್ಕಿಂತ ಹೊಳೆನರಸೀಪುರ, ಅರಕಲಗೂಡಿನ ಅಂಗಡಿಗಳಿಗೆ ಮಾಲು ಹಾಕಿ ಬರುವುದೇ ಹೆಚ್ಚು. ಹಡಗಾದರೆ ಅಮ್ಮನಿಗೆ ಹತ್ತಿ ಇಳಿಯುವ ಕಷ್ಟವಿಲ್ಲ, ಪೆಟ್ಟಿಗೆ ಹೊರುವಂತಿಲ್ಲ, ರಾತ್ರಿ ಮಲಗಿ ಬೆಳಿಗ್ಗೆ ಎದ್ದರೆ ಇನ್ನೊಂದು ದೇಶ ಎಂದು ಯಾರೋ ಹೇಳಿದ್ದನ್ನು ಕೇಳಿಕೊಂಡು ಬಂದು, "ನೀನು ಕಾನ್ವೆಂಟು. ಇಂಗ್ಲಿಷ್‌ನಲ್ಲಿ ಬರೆದಿರೋದನ್ನೆಲ್ಲ ನೀನೇ ಓದಿ, ಯಾವುದು ಸರಿ ಅಂತ ಹೇಳು" ಎಂದರು. ಹೇಳಿ, ಮರುದಿನ ಲಾರಿಯವನ ಜೊತೆ ಅರಕಲಗೂಡಿಗೆ ಹೊರಟರು.

ಓದುತ್ತ ಹೋದ ಹಾಗೆ ಆ ಜಾಹೀರಾತುಗಳ ಭಾಷೆ ಅಭ್ಯಾಸವಾಯಿತು. 'ಇಷ್ಟರಿಂದ ಶುರು' ಎಂದರೆ ಕಿಟಕಿಯಿಲ್ಲದ ಒಳಗಿನ ಕೋಣೆ. 'ಮಕ್ಕಳಿಗೆ ಉಚಿತ' ಎಂದರೆ ಕೋಣೆ ಮಾತ್ರ ಉಚಿತ, ಬಂದರಿನ ತೆರಿಗೆಯನ್ನು ಮಕ್ಕಳೂ ಕೊಡಬೇಕು. ಕುಟುಂಬದ ಕೋಣೆಯೆಂದರೆ ಎರಡು ಹಾಸಿಗೆ ಕೆಳಗೆ, ಇನ್ನೆರಡು ರೈಲಿನ ಬರ್ತಿನ ಹಾಗೆ ಚಾವಣಿಯಿಂದ ಇಳಿಯುತ್ತವೆ. ದಿನಕ್ಕಿಷ್ಟು ಎಂದು ಕೆಲಸದವರ ಭಕ್ಷೀಸು ಬೇರೆ, ವೀಸಾ ಬೇರೆ, ಹಡಗು ಹತ್ತುವ ಊರಿನವರೆಗೆ ವಿಮಾನ ಬೇರೆ. ಎಲ್ಲ ಕೂಡಿದ ಮೇಲೆ ಅಗ್ಗದ ಹಡಗು ದುಬಾರಿಯಾಗುತ್ತದೆ, ದುಬಾರಿ ಹಡಗು ಪರವಾಗಿಲ್ಲ ಅನ್ನಿಸುತ್ತದೆ. ರೋಮ್ ಎಂದು ದೊಡ್ಡದಾಗಿ ಬರೆದಿದ್ದಾರೆಂದು ಕುಣಿಯುವಂತಿಲ್ಲ. ಹಡಗು ನಿಲ್ಲುವ ಬಂದರಿಗೂ ರೋಮಿಗೂ ಇರುವ ದೂರ, ನಮ್ಮ ಹಾಸನದಿಂದ ಚನ್ನರಾಯಪಟ್ಟಣಕ್ಕೆ ಹೋಗಿ ವಾಪಸ್ ಬಂದಷ್ಟು. ಚನ್ನರಾಯಪಟ್ಟಣ ನನ್ನ ತವರು, ಆ ದೂರ ನನಗೆ ಮೈಯಲ್ಲೇ ಗೊತ್ತಿದೆ.

ಇದೆಲ್ಲ ಎಲ್ಲರಿಗೂ ಇರುವ ತಲೆನೋವು. ನನ್ನದು ಬೇರೆಯೇ ಇತ್ತು. ನಾನು ಪ್ರತಿ ಹಡಗಿನಲ್ಲೂ ಮೊದಲು ಹುಡುಕುತ್ತಿದ್ದದ್ದು ಸಂಜೆಯೂಟ ಎಷ್ಟು ಹೊತ್ತಿಗೆ ಎಂಬುದನ್ನು.

ನನ್ನ ಅತ್ತೆ ಶ್ರವಣಬೆಳಗೊಳದ ಪಕ್ಕದ ಜಿನನಾಥಪುರದವರು. ನಾನು ಮದುವೆಯಾಗಿ ಬರುವ ಮುಂಚೆಯೇ ಮುನಿಗಳ ಎದುರು ನಿಯಮ ತೆಗೆದುಕೊಂಡವರು. ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಪರ್ವದ ದಿನಗಳಲ್ಲಿ ನಾವೂ ಪಾಲಿಸುತ್ತೇವೆ, ಉಳಿದ ದಿನ ಅಂಗಡಿ ಮುಚ್ಚಿ ಬರುವವರಿಗೆ ಅದು ಸಾಧ್ಯವಾಗುವುದಿಲ್ಲ. ಹಾಗಾಗಿ ಈ ಮನೆಯಲ್ಲಿ ಸಂಜೆಯಡುಗೆ ಎರಡು ಸಲ. ಹೊತ್ತಿರುವಾಗಲೇ ಅತ್ತೆಗೊಬ್ಬರಿಗೆ ಬಡಿಸುತ್ತೇನೆ, ಅವರು ಕಿಟಕಿಯ ಕಡೆ ಮುಖ ಮಾಡಿ ಕೂತು ಉಣ್ಣುತ್ತಾರೆ. ರಾತ್ರಿ ಉಳಿದವರಿಗೆ ಬಡಿಸುವಾಗ ಅವರು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತು ನಮ್ಮ ತಟ್ಟೆಗಳನ್ನು ನೋಡುತ್ತಿರುತ್ತಾರೆ. ಮೊಮ್ಮಗಳ ಕಡೆ ತೋರಿಸಿ, "ಅವಳಿಗೆ ಇನ್ನೊಂದು ಚಪಾತಿ ಹಾಕು" ಎನ್ನುತ್ತಾರೆ. ಇಷ್ಟು ವರ್ಷದಲ್ಲಿ ನಾವು ನಾಲ್ವರೂ ಒಟ್ಟಿಗೆ ಕೂತು ರಾತ್ರಿಯೂಟ ಮಾಡಿದ್ದಿಲ್ಲ. ನಾನಂತೂ ಎರಡೂ ಸಲ ನಿಂತೇ ಇರುತ್ತೇನೆ, ಪರ್ವದ ದಿನವೂ ಬಡಿಸುವವಳು ನಾನೇ.

ಹಡಗಿನ ಊಟದ ಕೋಣೆಯ ಚಿತ್ರ ನೋಡಿದ ದಿನದಿಂದ ನನಗೆ ಒಂದೇ ಆಸೆ. ಬಿಳಿ ಬಟ್ಟೆ ಹಾಸಿದ ಮೇಜು, ಸುತ್ತ ನಾಲ್ಕು ಕುರ್ಚಿ. ನಾಲ್ಕರಲ್ಲೂ ನಾವೇ. ಬಡಿಸುವವರು ಬೇರೆ ಯಾರೋ.

ಯಜಮಾನರದೂ ಅದೇ ಷರತ್ತು. "ಅಮ್ಮ ಅಲ್ಲೂ ಮೂಲೆಯಲ್ಲಿ ಒಬ್ಬಳೇ ಕೂತು ಉಣ್ಣೋದಾದ್ರೆ ಅಷ್ಟು ದೂರ ಯಾಕೆ ಹೋಗೋದು? ಅವಳು ಖುಷಿಯಾಗಿ ಒಪ್ಪಿದ್ರೆ ಸರಿ." ಟ್ರಾವೆಲ್ ಏಜೆನ್ಸಿಯ ಹುಡುಗಿಗೆ ಫೋನ್ ಮಾಡಿ ಕೇಳಿದೆ. ಈರುಳ್ಳಿ, ಬೆಳ್ಳುಳ್ಳಿ, ಗೆಡ್ಡೆ ಇಲ್ಲದ ಜೈನರ ಊಟ ಮೊದಲೇ ಹೇಳಿದರೆ ಮಾಡಿಕೊಡುತ್ತಾರೆ, ಆದರೆ ಊಟದ ಕೋಣೆಯಲ್ಲಿ, ಅವರ ಹೊತ್ತಿಗೇ ಎಂದಳು. ಮೇ ಕೊನೆಗೆ ಹೊರಡುವ ಮೆಡಿಟರೇನಿಯನ್ ಹಡಗಿನಲ್ಲಿ ಆ ಹೊತ್ತು ಸಂಜೆ ಏಳು. ಬಾರ್ಸಿಲೋನಾ, ಮಾರ್ಸೇಲ್, ಜಿನೋವಾ, ನೇಪಲ್ಸ್ ಎಲ್ಲ ಇದ್ದು ಬೆಲೆಯೂ ನಮಗೆ ಹೊಂದುತ್ತಿದ್ದ ಹಡಗು ಅದು. ಏಳಕ್ಕೆ ಕತ್ತಲಾಗಿರುತ್ತದೆ ಎಂದು ಮೊದಲನೇ ವಾರವೇ ಅದನ್ನು ಕೈಬಿಟ್ಟಿದ್ದೆ.

ಆಮೇಲೆ ಸಿಕ್ಕಿದ್ದು ಉತ್ತರದ ಹಡಗು. ನಾರ್ವೆಯ ತುದಿಯವರೆಗೆ ಹೋಗುತ್ತದೆ, ಮೇ ಕೊನೆಯಲ್ಲಿ ಅಲ್ಲಿ ಸೂರ್ಯ ಮುಳುಗುವುದೇ ಇಲ್ಲ. ಓದುತ್ತಿದ್ದ ಹಾಗೆ ನಮ್ಮ ಕಾನ್ವೆಂಟಿನ ಭೂಗೋಳದ ಸಿಸ್ಟರ್ ನೆನಪಾದರು. ಕ್ಲಾಸಿನ ಕಿಟಕಿಗಳನ್ನೆಲ್ಲ ಮುಚ್ಚಿಸಿ, ಗ್ಲೋಬಿನ ಮೇಲೆ ಟಾರ್ಚ್ ಬಿಟ್ಟು, ಮಧ್ಯರಾತ್ರಿಯ ಸೂರ್ಯನ ನಾಡು ಎಂದು ತೋರಿಸಿದ್ದರು. ಗ್ಲೋಬಿನ ನೆತ್ತಿ ಎಷ್ಟು ತಿರುಗಿಸಿದರೂ ಬೆಳಕಿನಲ್ಲೇ ಇತ್ತು. ಉಳಿದ ಊರುಗಳ ಬಗ್ಗೆ ಅವರು ಏನಾದರೂ ಹೇಳಿದ್ದರೋ ಏನೋ, ಆ ನೆತ್ತಿಯನ್ನೇ ನೋಡುತ್ತಿದ್ದ ನನಗೆ ಕೇಳಿಸಿರಲಿಲ್ಲ. ಈ ಹಡಗು ದುಬಾರಿ, ಚಳಿ, ಕೋಟುಗಳ ಖರ್ಚು ಬೇರೆ. ಆದರೇನು, ಅತ್ತೆ ಎಷ್ಟು ಹೊತ್ತಿಗೆ ಬೇಕಾದರೂ ಉಣ್ಣಬಹುದು. ಮಧ್ಯರಾತ್ರಿ ಉಂಡರೂ ನಿಯಮ ಮುರಿಯುವುದಿಲ್ಲ. ಅದನ್ನು ಕಂಡುಹಿಡಿದ ದಿನ ನಾನು ಅಡುಗೆಮನೆಯಲ್ಲಿ ಒಬ್ಬಳೇ ನಕ್ಕಿದ್ದೆ. ಬೆಲೆ ಇನ್ನಷ್ಟು ಇಳಿಯಲಿ, ಆಮೇಲೆ ಅತ್ತೆಗೆ ಹೇಳೋಣ ಎಂದು ಕಾಯುತ್ತ ಕೂತೆ.

ಆ ಬೆಳಿಗ್ಗೆ ಒಲೆ ಒರೆಸಿ ಮುಗಿಸುವಷ್ಟರಲ್ಲಿ ಏಜೆನ್ಸಿಯ ಹುಡುಗಿಯ ಫೋನ್ ಬಂತು. "ಮೇಡಂ, ಎಲ್ಲ ಹಡಗುಗಳ ಆಫರೂ ಇವತ್ತು ರಾತ್ರಿವರೆಗೆ ಮಾತ್ರ. ನಾಳೆಯಿಂದ ರೇಟ್ ಜಾಸ್ತಿ."

ಅಲ್ಲಿಂದ ನನ್ನ ಕೈಕಾಲು ಒಂದು ಕಡೆ ನಿಲ್ಲಲಿಲ್ಲ. ಹೆಸರುಕಾಳು ನೆನೆಹಾಕಲು ಹೋಗಿ ಡಬ್ಬಿ ಮುಚ್ಚಿಟ್ಟು ಬಂದೆ. ಬಟ್ಟೆ ಒಣಹಾಕಲು ಮಹಡಿಗೆ ಹೋಗಿ, ಕ್ಲಿಪ್ಪಿನ ಬುಟ್ಟಿ ಮರೆತು ಇಳಿದೆ. ಆಕಾಶವೂ ಹಾಗೇ ಇತ್ತು. ಸಮುದ್ರದಲ್ಲಿ ಏನೋ ವಾಯುಭಾರ ಕುಸಿತವಂತೆ, ಡಿಸೆಂಬರಿನಲ್ಲೂ ಮೋಡ, ಮಳೆ ಇಲ್ಲ, ಬಿಸಿಲೂ ಇಲ್ಲ. ಮತ್ತೆ ಮತ್ತೆ ಫೋನ್ ತೆಗೆದು, ಬಾಲ್ಕನಿ ಇರುವ ಕೋಣೆ, ಇಲ್ಲದ ಕೋಣೆ ಎಂದು ಹೋಲಿಸಿದೆ. ನನಗೆ ಬಾಲ್ಕನಿ ಬೇಕಾಗಿರಲಿಲ್ಲ. ಕೈಗೆ ಕೆಲಸ ಬೇಕಾಗಿತ್ತು, ಅಷ್ಟೆ.

ಮಧ್ಯಾಹ್ನ ಊಟವಾದ ಮೇಲೆ ಅತ್ತೆ ಅವರೆಕಾಯಿ ಸುಲಿಯುತ್ತ ಕೂತರು. ನಾನೂ ಮೊರದ ಎದುರು ಕೂತು ಎಲ್ಲ ಹೇಳಿದೆ. ನಾರ್ವೆ ತೋರಿಸಿದೆ, ನೀಲಿ ನೀರಿನ ನಡುವೆ ಬೆಟ್ಟಗಳನ್ನು ತೋರಿಸಿದೆ, ಕೊನೆಗೆ ಇಷ್ಟು ದಿನ ಬಚ್ಚಿಟ್ಟುಕೊಂಡಿದ್ದ ಮಾತು ತೆಗೆದೆ.

"ಅಲ್ಲಿ ಹೊತ್ತು ಮುಳುಗೋದೇ ಇಲ್ಲ ಅತ್ತೆ. ನೀವು ನಮ್ಮ ಜೊತೆನೇ ಕೂತು ಊಟ ಮಾಡಬಹುದು."

ಅತ್ತೆಯ ಬೆರಳು ಸಿಪ್ಪೆಯೊಳಗೇ ನಿಂತಿತು. "ಮುಳುಗೋದೇ ಇಲ್ವಾ?"

"ಇಲ್ಲ."

"ರಾತ್ರಿಯೆಲ್ಲ?"

"ರಾತ್ರಿಯೆಲ್ಲ ಬೆಳಕೇ."

ಅವರು ಕಾಳು ಬಿಡಿಸಿ ಮೊರಕ್ಕೆ ಹಾಕಿದರು. ಇನ್ನೊಂದು ಕಾಯಿ ತೆಗೆದುಕೊಂಡರು. "ಹಾಗಾದ್ರೆ ನಾನು ಬಿಡೋದು ಏನನ್ನ?" ಎಂದರು.

ನನಗೆ ಅರ್ಥವಾಗಲಿಲ್ಲ.

"ಹೊತ್ತು ಮುಳುಗುತ್ತೆ ಅಂತ ತಾನೇ ಕೈ ತೊಳೆಯೋದು? ಮುಳುಗೋದೇ ಇಲ್ಲದ ಕಡೆ ಹೋಗಿ ಕೂತ್ಕೊಂಡು ನನ್ನ ನಿಯಮ ನಡೀತು ಅಂದ್ರೆ ಯಾರಾದ್ರೂ ನಗ್ತಾರಮ್ಮ. ಸಂಜೆ ಪ್ರಾರ್ಥನೆಗೆ ಕೂರೋದು ಯಾವಾಗ? ದಿನ ಮುಗೀತು ಅಂತ ನನಗೆ ಗೊತ್ತಾಗೋದು ಹೇಗೆ?"

"ಗಡಿಯಾರ ಇದೆಯಲ್ಲ ಅತ್ತೆ."

"ಗಡಿಯಾರ ನೋಡಿ ನಿಯಮ ತಗೊಂಡಿಲ್ಲ." ಅವರ ದನಿಯಲ್ಲಿ ಕೋಪವಿರಲಿಲ್ಲ. ನನ್ನ ಮುಖ ನೋಡಿ, "ನೀವು ಮೂವರು ಹೋಗಿಬನ್ನಿ. ನಾನು ಬೆಳಗೊಳದಲ್ಲಿ ತಮ್ಮನ ಮನೇಲಿರ್ತೀನಿ. ಎಲ್ಲರ ಜೊತೆ ಕೂತು ಉಣ್ಣೋದು ನನಗೂ ಇಷ್ಟ ಇಲ್ವಾ? ಆದ್ರೆ ಅದಕ್ಕೊಂದು ಸಂಜೆ ಅಂತ ಇರಬೇಕಲ್ಲ" ಎಂದರು.

ಯಜಮಾನರಿಗೆ ಫೋನ್ ಮಾಡಿದೆ. ಅರಕಲಗೂಡಿನ ಯಾವುದೋ ಅಂಗಡಿಯಲ್ಲಿ ಕುಕ್ಕರು ಇಳಿಸುತ್ತಿದ್ದರು, ಹಿಂದೆ ಠಣಠಣ ಸದ್ದು. "ಅಮ್ಮ ಇಲ್ಲದೆ ನಾನು ಬರಲ್ಲ, ನಿನಗೇ ಗೊತ್ತಲ್ಲ. ಬಿಟ್ಹಾಕು. ಮಡಿಕೇರಿಗೆ ಹೋಗಿಬರೋಣ, ಅಲ್ಲೂ ಚಳಿ ಇದೆ" ಎಂದು ತಮ್ಮ ಮಾತಿಗೆ ತಾವೇ ನಕ್ಕರು. ನಾನು ನಗಲಿಲ್ಲವೆಂದು ಗೊತ್ತಾಗಿ, "ಬೇಜಾರಾ?" ಎಂದರು. ಇಲ್ಲ ಎಂದೆ.

ಸಂಜೆ ಅತ್ತೆಗೆ ಅವರೆಕಾಳಿನ ಸಾರು, ಎರಡು ಚಪಾತಿ ಮಾಡಿದೆ. ಮೋಡದ ದಿನ ಅವರ ಊಟಕ್ಕೆ ಒಂದು ಪದ್ಧತಿಯಿದೆ. ಗೋಡೆಯ ಕ್ಯಾಲೆಂಡರಿನಲ್ಲಿ ಸೂರ್ಯಾಸ್ತದ ಹೊತ್ತು ಅಚ್ಚಾಗಿದ್ದರೂ ಅದನ್ನು ನಂಬುವುದಿಲ್ಲ. "ಅದು ಕ್ಯಾಲೆಂಡರ್ ಮಾಡಿದೋರ ಊರಿನ ಹೊತ್ತು, ನಮ್ಮೂರಿಂದಲ್ಲ" ಎನ್ನುತ್ತಾರೆ. ಅವರು ನಂಬುವುದು ಪಕ್ಕದ ಮನೆಯ ಕೋಳಿಗಳನ್ನು. ಪಕ್ಕದ ಮನೆಯ ಅಕ್ಕ ಸಾಲಗಾಮೆ ಕಡೆಯ ಒಕ್ಕಲು ಮನೆತನದವರು. ಊರಲ್ಲಿ ಜಮೀನು ನೋಡಿಕೊಂಡು ಇಲ್ಲಿ ಮನೆ ಕಟ್ಟಿಸಿದ್ದಾರೆ, ಹಿತ್ತಲಿನಲ್ಲಿ ನಾಟಿ ಕೋಳಿ ಸಾಕಿದ್ದಾರೆ. ಕೋಳಿಯ ಹೆಸರೆತ್ತಿದರೆ ಮೂಗು ಮುರಿಯುವ ಅತ್ತೆ, ಮೋಡವಾದರೆ ಮಾತ್ರ ಅಡುಗೆಮನೆ ಕಿಟಕಿಯಿಂದ ಅವನ್ನೇ ನೋಡುತ್ತ ಉಣ್ಣುತ್ತಾರೆ. ಅವು ಗೂಡಿನ ಕಡೆ ತಿರುಗಿದವೆಂದರೆ ಕೈ ತೊಳೆಯುವ ಹೊತ್ತು. ಇದು ಅಕ್ಕನಿಗೂ ಗೊತ್ತು, ಅವರಿಗೆ ಅದೊಂದು ತಮಾಷೆ.

ಅತ್ತೆ ಅವತ್ತು ಬೇಗ ಬೇಗ ಉಂಡರು. ನಾನು ನಿಂತು ಬಡಿಸಿದೆ. ಅವರು ಬಾಯಿ ಮುಕ್ಕಳಿಸಿ ದೇವರ ಕೋಣೆಗೆ ಹೋದ ಮೇಲೆ, ತಟ್ಟೆಯನ್ನು ಹಾಗೇ ಬಿಟ್ಟು ಫೋನ್ ಹಿಡಿದುಕೊಂಡು ಹಿಂಬಾಗಿಲಿಗೆ ಬಂದೆ. ಏಜೆನ್ಸಿಯ ಹುಡುಗಿಗೆ 'ಬೇಡ' ಎಂದು ಬರೆಯಬೇಕಿತ್ತು. ಬರೆದೆ, ಅಳಿಸಿದೆ, ಮತ್ತೆ ಬರೆದೆ. ಕಳಿಸಲು ಬೆರಳು ಬರಲಿಲ್ಲ.

ಕಾಂಪೌಂಡಿನಾಚೆ ಅಕ್ಕ ರಾಗಿ ಚೆಲ್ಲುತ್ತ ಕೋಳಿ ಕೂಡುತ್ತಿದ್ದರು. "ಏನವ್ವಾ, ಒಂಟಂಗಾಯ್ತಾ ನಿಮ್ ಫಾರಿನ್ನು?"

"ಇಲ್ಲ ಅಕ್ಕ, ಆಗಲ್ಲ ಅನ್ಸುತ್ತೆ."

"ಯಾಕಂತೆ? ನಿಮ್ಮೆಜಮಾನ್ರು ಕಾಸು ಬಿಚ್ಲಿಲ್ವಾ?"

"ಅವರು ಕೊಡ್ತಾರೆ. ಅತ್ತೆ ಊಟದ್ದೇ ಕಷ್ಟ. ಮೇಲಿನ ಕಡೆ ಹೋದ್ರೆ ಹೊತ್ತೇ ಮುಳುಗಲ್ಲ, ಅದು ಬೇಡ ಅಂದ್ರು. ಕೆಳಗಿನ ಕಡೆ ಇನ್ನೊಂದು ಹಡಗಿದೆ, ಅದರಲ್ಲಿ ಊಟ ಏಳು ಗಂಟೆಗೆ. ಅಷ್ಟೊತ್ತಿಗೆ ಕತ್ತಲಾಗಿರುತ್ತಲ್ಲ."

"ಎಲ್ಲಿ ಕತ್ಲಾಗಿರುತ್ತೆ?"

"ಅಲ್ಲೇ. ಹಡಗಿನಲ್ಲಿ."

"ನೋಡ್ಕಂಡ್ ಬಂದಿದ್ದೀಯಾ?"

ಒಂದು ಹುಂಜ ಮಾತ್ರ ಇನ್ನೂ ಗೂಡಿಗೆ ಹೋಗದೆ ನುಗ್ಗೆಮರದ ಬುಡ ಸುತ್ತುತ್ತಿತ್ತು. ಅಕ್ಕ ಅದರ ಹಿಂದೆ ಓಡಿದರು.

ಮುಂದೆ ಮೇ ಕೊನೆಯಲ್ಲಿ, ನೇಪಲ್ಸ್ ಬಿಟ್ಟ ಸಂಜೆ, ಏಳು ಗಂಟೆಯ ಬಿಸಿಲು ಹಡಗಿನ ಗಾಜಿನಿಂದ ನೇರವಾಗಿ ಮೇಜಿಗೆ ಬೀಳುತ್ತಿತ್ತು. ನಾಲ್ಕು ಕುರ್ಚಿಯಲ್ಲಿ ನಾವು ನಾಲ್ವರೂ ಇದ್ದೆವು. ಅತ್ತೆ ಕಣ್ಣಿಗೆ ಕೈ ಅಡ್ಡ ಹಿಡಿದುಕೊಂಡು, ಬಡಿಸುವವನಿಗೆ ಕನ್ನಡದಲ್ಲೇ "ಅವಳಿಗೆ ಇನ್ನೊಂದು ಹಾಕಪ್ಪ" ಎಂದು ನನ್ನ ಕಡೆ ತೋರಿಸಿದರು. ಆಗ ಅಕ್ಕನ ಮಾತು ನೆನಪಾಗಿ ನಾನು ಜೋರಾಗಿ ನಕ್ಕುಬಿಟ್ಟೆ. ಆ ಡಿಸೆಂಬರಿನ ಸಂಜೆ ಮಾತ್ರ ನಗು ಬಂದಿರಲಿಲ್ಲ. ಬರೆದಿದ್ದ 'ಬೇಡ'ವನ್ನು ಅಳಿಸಿ, ಬಾರ್ಸಿಲೋನಾದ ಸೂರ್ಯಾಸ್ತ ಎಂದು ಹುಡುಕಲು ಶುರುಮಾಡಿದ್ದೆ. ಅಷ್ಟು ಮಾಡಿಸಿದ ಮಾತನ್ನು ಅಕ್ಕ ಹೇಳಿದ್ದು ಹುಂಜವನ್ನು ಕಂಕುಳಲ್ಲಿ ಅವುಚಿಕೊಂಡು, ನನ್ನ ಕಡೆ ತಿರುಗಿ ಕೂಡ ನೋಡದೆ, ಗೂಡಿನ ಅಗಳಿ ಹಾಕುತ್ತ.

"ಅಲ್ಲ ಕಣವ್ವಾ, ನಮ್ ಕೋಳಿ ಇಲ್ಲಿ ಗೂಡಿಗೋದ್ರೆ ಅಲ್ಲೂ ಒತ್ತು ಮುಳುಗ್ಬುಡ್ಬೇಕಾ?"