ಅಕ್ಕ ಅಡಗಿಸಿದ ಬಾಗಿಲು

ಅಕ್ಕನ ಎಡಗೈಯ ಮೇಲೆ, ಮಣಿಕಟ್ಟಿನಿಂದ ಮೊಣಕೈಯವರೆಗೆ, ಸದಾ ಬಣ್ಣದ ಪಟ್ಟೆಗಳಿರುತ್ತಿದ್ದವು. ಒಂದು ದಿನ ಅರಸಿನದ ಹಳದಿ, ಅದರ ಪಕ್ಕ ಮಾವಿನ ಚಿಗುರಿನ ಕೆಂಪು. ಇನ್ನೊಂದು ದಿನ ಒಂದಕ್ಕೊಂದು ವ್ಯತ್ಯಾಸವೇ ತಿಳಿಯದ ಬೂದು ಬಣ್ಣಗಳು. ಗೋಡೆಗೆ ಬಳಿಯಬೇಕಾದ ಪೇಂಟನ್ನು ಅವರು ಮೊದಲು ತಮ್ಮ ಕೈಗೆ ಬಳಿದು ನೋಡುತ್ತಿದ್ದರು. ಮದುವೆ ಮನೆಗೂ ಹಾಗೆಯೇ ಹೋಗುತ್ತಿದ್ದರು. ಇದೇನೋ ಚರ್ಮದ ಕಾಯಿಲೆಯೆಂದು ಪಂಕ್ತಿಯಲ್ಲಿ ಯಾರಾದರೂ ದೂರ ಸರಿದು ಕುಳಿತರೆ ಅಕ್ಕನಿಗೆ ಬೇಸರವಿಲ್ಲ, ಕಾಲು ಚಾಚಿ ಆರಾಮವಾಗಿ ಉಣ್ಣಬಹುದಲ್ಲ ಎಂಬ ಸಂತೋಷ.

"ಗೋಡೆ ಎದುರು ಕೂತ್ಕೊಳ್ಳುದು ಬಣ್ಣದ ಕ್ಯಾಟಲಾಗ್ ಅಲ್ಲ ಮಾರಾಯ್ತಿ, ಮನುಷ್ಯರು," ಎಂದು ನನಗೆ ಹೇಳುತ್ತಿದ್ದರು. "ಮನುಷ್ಯರ ಚರ್ಮದ ಹತ್ತಿರ ಬಣ್ಣ ಹೇಗೆ ಕಾಣ್ತದೆ ಅಂತ ನೋಡ್ಬೇಡ್ವಾ?"

ಅವರು ನನ್ನ ಒಡಹುಟ್ಟಿದವರಲ್ಲ. ಪುತ್ತೂರಿನ ದರ್ಬೆಯಲ್ಲಿ, ಔಷಧಿ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಅವರ ಆಫೀಸು. ಮನೆಗಳ ಒಳಾಂಗಣ ವಿನ್ಯಾಸ ಅವರ ಕಸುಬು. ಮಂಗಳೂರಿನಲ್ಲಿ ಅದನ್ನೇ ಓದಿ ಬಂದಿದ್ದರು. ಇಂಟೀರಿಯರ್ ಎಂದರೆ ಚಾವಣಿಗೆ ಪಿಒಪಿ ಪ್ಲಾಸ್ಟರ್ ಹೊಡೆಸಿ ಅದರೊಳಗೆ ನೀಲಿ ಲೈಟು ಇಡುವುದು ಎಂದು ಊರೆಲ್ಲ ನಂಬಿದ್ದ ಕಾಲದಲ್ಲಿ ಬೋರ್ಡು ಹಾಕಿ ಕುಳಿತವರು. ಗಿರಾಕಿಗಳು, ಬಡಗಿಗಳು, ಪೇಂಟರುಗಳು, ಕೊನೆಗೆ ಅವರಿಗಿಂತ ಹಿರಿಯರಾದ ಮೇಸ್ತ್ರಿಯವರು ಕೂಡ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದರು. ನಾನು ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸುವ ಕೆಲಸಕ್ಕೆಂದು ಸೇರಿಕೊಂಡವಳು ಅಲ್ಲಿಯೇ ಬೇರು ಬಿಟ್ಟೆ.

ಅಕ್ಕನನ್ನು ಸಾಧು ಸ್ವಭಾವದವರೆಂದು ಅವರ ಸ್ನೇಹಿತರೂ ಹೇಳಲಿಕ್ಕಿಲ್ಲ. ಬೇರೆಯವರು ಮಾಡಿದ ಮನೆಯ ಗೃಹಪ್ರವೇಶಕ್ಕೆ ಹೋದರೆ ಪಾಯಸವನ್ನು ಎರಡು ಸಲ ಹಾಕಿಸಿಕೊಂಡು, ಹಿಂದಿನ ಗೋಡೆಯನ್ನು ಬೈಯುತ್ತ ಉಣ್ಣುತ್ತಿದ್ದರು. ತಮ್ಮ ಕೆಲಸವನ್ನು ಯಾರಾದರೂ ಹೊಗಳಿದರೆ "ಹೌದಲ್ವಾ?" ಎಂದು ನಾಚಿಕೆಯಿಲ್ಲದೆ ಒಪ್ಪಿಕೊಳ್ಳುತ್ತಿದ್ದರು. ಅಡಕೆ ಸುಲಿಯುವ ಮನೆಯವರು ಬಿಳಿ ಗೋಡೆ ಕೇಳಿದರೆ ಅವರ ಕೈ ಹಿಡಿದು ಅಂಗೈಗೆ ಹಿಡಿದ ಅಡಕೆ ಚೊಗರಿನ ಕಲೆಯನ್ನು ಅವರಿಗೇ ತೋರಿಸಿ, "ಇದನ್ನು ಎಲ್ಲಿ ಒರಸ್ತೀರಿ?" ಎಂದು ಕೇಳುತ್ತಿದ್ದರು.

ಯಾವ ಮನೆಗೆ ಹೋದರೂ ಮೊದಲು "ಸ್ವಲ್ಪ ನೀರು ಕೊಡಿ" ಎನ್ನುವುದು ಅವರ ಪದ್ಧತಿ. ಇಷ್ಟು ಬಾಯಾರಿಕೆಯೆಂದರೆ ಸಕ್ಕರೆ ಕಾಯಿಲೆಯೇ ಇರಬೇಕೆಂದು ನಾನು ಮೊದಮೊದಲು ಮರುಗಿದ್ದುಂಟು. ಆಮೇಲೆ ಗೊತ್ತಾಯಿತು. ನೀರನ್ನು ಯಾರು ತರುತ್ತಾರೆ, ಎಲ್ಲಿಂದ ತರುತ್ತಾರೆ, ತರುವಾಗ ಯಾವ ಮೂಲೆಗೆ ತಾಗುತ್ತಾರೆ ಎಂದು ಅವರು ನೋಡುತ್ತಿದ್ದರಂತೆ. ನಮ್ಮ ಅರ್ಧ ನಕ್ಷೆ ಆ ನೀರಿನ ಲೋಟದಲ್ಲೇ ತಯಾರಾಗುತ್ತಿತ್ತು.

ಬೆಟ್ಟಂಪಾಡಿಯ ಒಂದು ಮನೆಯ ಯಜಮಾನರಿಗೆ ಎಲ್ಲವೂ ಬೂದು ಬೇಕಿತ್ತು. ಗೋಡೆ ಬೂದು, ಸೋಫಾ ಬೂದು, ಪರದೆಯೂ ಬೂದು. ಮೊಬೈಲಿನಲ್ಲಿ ಯಾವುದೋ ದೇಶದ ಮನೆ ನೋಡಿಟ್ಟಿದ್ದರು. ಅಕ್ಕ ವಾದಕ್ಕೆ ಹೋಗಲಿಲ್ಲ. ಒಂದು ದೊಡ್ಡ ಹಲಗೆಗೆ ಅದೇ ಬೂದು ಬಳಿಸಿ, ಅದರ ಮುಂದೆ ಅವರ ತಾಯಿಯನ್ನು ಕುರ್ಚಿ ಹಾಕಿ ಕೂರಿಸಿದರು. ಬಿಳಿ ತಲೆ, ಮಾಸಿದ ಸೀರೆ, ಬಡಕಲು ದೇಹದ ಆ ಅಮ್ಮ ನಿಜಕ್ಕೂ ಹಲಗೆಯೊಳಗೆ ಕರಗಿಹೋದಂತಾದರು. "ಅಮ್ಮ ಎಲ್ಲಿ ಹೋದ್ರು ಮಾರಾಯ್ರೆ? ಈಗ ಇಲ್ಲೇ ಇದ್ರಲ್ಲ?" ಎಂದು ಅಕ್ಕ ಹುಡುಕುವವರಂತೆ ನಟಿಸಿದಾಗ ಎಲ್ಲರಿಗಿಂತ ಜೋರಾಗಿ ನಕ್ಕವರು ಆ ಅಮ್ಮನೇ. ಕೊನೆಗೆ ಅವರು ಕೂರುವ ಕಡೆಯ ಗೋಡೆಗೆ ಕಾವಿ ಬಣ್ಣ ಬಂತು.

ಇಂಥ ಅಕ್ಕನೇ ಒಂದು ತಪ್ಪು ಮಾಡಿದರು. ನಾನು ಬರೆಯಲು ಕುಳಿತದ್ದು ಆ ಕಥೆಗಾಗಿಯೇ.

ಕುಂಬ್ರದಲ್ಲಿ ಒಂದು ಮನೆ. ಮಗ, ಸೊಸೆ, ಮತ್ತು ಮಗನ ತಂದೆ. ಆ ಅಜ್ಜ ಪುತ್ತೂರು–ಸುಳ್ಯ ನಡುವೆ ಓಡುತ್ತಿದ್ದ ಖಾಸಗಿ ಬಸ್ಸಿನಲ್ಲಿ ಆಯುಷ್ಯವೆಲ್ಲ ಕಂಡಕ್ಟರಾಗಿದ್ದವರು. ಮರೆವಿನ ಕಾಯಿಲೆ ಆಗಲೇ ಶುರುವಾಗಿತ್ತು. ಮಗನ ಹೆಸರು ತಪ್ಪುತ್ತಿತ್ತು, ಉಂಡದ್ದು ನೆನಪಿರುತ್ತಿರಲಿಲ್ಲ. ಆದರೂ ಸ್ನಾನ, ಶೌಚ, ಊಟ ಎಲ್ಲ ಸ್ವಂತವಾಗಿ ನಡೆಯುತ್ತಿತ್ತು. ಹಳೆಯ ಮನೆಯನ್ನು ಹೊಸದು ಮಾಡಿಸಲು ಮಗ, ಸೊಸೆ ಅಕ್ಕನನ್ನು ಕರೆದರು.

ಆ ಮನೆಯಲ್ಲಿ ಅಕ್ಕ ಮಾಡಿದ ಪ್ಯಾಸೇಜ್ ಇಡೀ ತಾಲೂಕಿನಲ್ಲಿ ಹೆಸರು ಮಾಡಿತು. ಎರಡೂ ಬದಿಯ ಗೋಡೆಗೆ ಕೆನೆಬಣ್ಣದ ಹಲಗೆ, ಕೋಣೆ, ಬಚ್ಚಲುಗಳ ಬಾಗಿಲುಗಳಿಗೂ ಅದೇ ಕೆನೆಬಣ್ಣ. ದಾರಂದದ ಚೌಕಟ್ಟು ಕಾಣುವುದಿಲ್ಲ, ಹಿಡಿಯಿಲ್ಲ, ಒತ್ತಿದರೆ ತೆರೆದುಕೊಳ್ಳುತ್ತದೆ. ಬಾಗಿಲು ಎಲ್ಲಿದೆಯೆಂದು ಹೊಸಬರಿಗೆ ತಿಳಿಯಬಾರದು, ಅದೇ ಅದರ ಚಂದ. ಅದರ ಫೋಟೋ ದೊಡ್ಡದು ಮಾಡಿಸಿ ಆಫೀಸಿನಲ್ಲಿ ತೂಗುಹಾಕಿದೆವು. ಅದನ್ನು ನೋಡಿ ಬಂದ ಗಿರಾಕಿಗಳು ಬಹಳ.

ಕೆಲವು ತಿಂಗಳ ನಂತರ ಆ ಮನೆಯ ಸೊಸೆ ಫೋನ್ ಮಾಡಿದರು. ದೂರಲಿಕ್ಕಲ್ಲ. ಪ್ಯಾಸೇಜಿನ ಹಲಗೆಯಿಂದ ಮೂತ್ರದ ವಾಸನೆ ಹೋಗಲು ಯಾವುದರಿಂದ ಒರೆಸಬೇಕು ಎಂದು ಕೇಳಲಿಕ್ಕೆ. ಅಕ್ಕ ಕೆದಕಿ ಕೇಳಿದಾಗ ಉಳಿದದ್ದು ಹೊರಬಂತು. ಅಜ್ಜ ಪ್ಯಾಸೇಜಿನ ಮೂಲೆಯಲ್ಲೇ ಮಾಡಿಬಿಡುತ್ತಿದ್ದಾರೆ. ಕಾಯಿಲೆ ಏರಿತೆಂದು ಎಲ್ಲರೂ ತೀರ್ಮಾನಿಸಿದ್ದಾರೆ. ಕಡಬದಲ್ಲಿರುವ ಅಜ್ಜನ ಹಿರಿಯ ಮಗ ಈ ಆದಿತ್ಯವಾರ ಬಂದು ಅವರನ್ನು ಮಂಗಳೂರಿನಲ್ಲಿ ವಯಸ್ಸಾದವರನ್ನು ಇರಿಸಿಕೊಳ್ಳುವ ಒಂದು ಕಡೆಗೆ ಸೇರಿಸುವವರಿದ್ದಾರೆ.

"ನನಗೆ ಮನಸ್ಸಿಲ್ಲ ಅಕ್ಕ. ಆದ್ರೆ ಎಂತ ಮಾಡುದು? ಇವರಿಗೂ ಸಾಕಾಗಿ ಹೋಗಿದೆ," ಎಂದರು ಸೊಸೆ.

ಅಕ್ಕ ಆಗಲೇ ಹೊರಟರು, ನಾನೂ ಜೊತೆಗಿದ್ದೆ. ಅವರು ಅಂದು ನೀರು ಕೇಳಲಿಲ್ಲ. ಪ್ಯಾಸೇಜಿನ ನೆಲದ ಮೇಲೆ ಗೋಡೆಗೊರಗಿ ಕುಳಿತುಬಿಟ್ಟರು. ಬಹಳ ಹೊತ್ತಿನ ಮೇಲೆ ಅಜ್ಜ ತಮ್ಮ ಕೋಣೆಯಿಂದ ಬಂದರು. ನಡಿಗೆಯಲ್ಲಿ ಅನುಮಾನವೇನೂ ಇರಲಿಲ್ಲ. ಅರ್ಧ ದಾರಿಯಲ್ಲಿ ನಿಂತು ಗೋಡೆಯ ಮೇಲೆ ಅಂಗೈ ಇಟ್ಟು, ಬಟ್ಟೆ ಅಂಗಡಿಯಲ್ಲಿ ಸೀರೆ ಸವರಿದಂತೆ ಸವರುತ್ತ ಮುಂದೆ ಹೋದರು. ಅವರ ಕೈ ಶೌಚಾಲಯವೂ ಇದ್ದ ಬಚ್ಚಲಿನ ಬಾಗಿಲ ಮೇಲೆಯೇ ಹಾದುಹೋಯಿತು. ಅದು ಬಾಗಿಲೆಂದು ಕೈಗೂ ತಿಳಿಯಲಿಲ್ಲ. ಮೂಲೆಗೆ ಮುಟ್ಟಿ, ತಿರುಗಿ, ನಮ್ಮನ್ನು ನೋಡಿದರು.

"ಇಲ್ಲಿ ಇದ್ದದ್ದನ್ನು ಎಲ್ಲಿಗೆ ಹಾಕಿದ್ರು?" ಎಂದು ಕೇಳಿದರು. ಆ ಮುಖದಲ್ಲಿ ಅವಸರವಿತ್ತು, ಅದಕ್ಕಿಂತ ಹೆಚ್ಚು ನಾಚಿಕೆಯಿತ್ತು. ಸೊಸೆ ಓಡಿಬಂದು ಬಾಗಿಲು ಒತ್ತಿ ತೆರೆದರು.

ಕಾರಿನಲ್ಲಿ ಕುಳಿತ ಮೇಲೂ ಅಕ್ಕ ಕೀ ತಿರುಗಿಸಲಿಲ್ಲ. "ಅವರಿಗೆ ಮರೆವು ಜಾಸ್ತಿ ಆದದ್ದಲ್ಲ," ಎಂದರು. "ಬಾಗಿಲು ಅಡಗಿಸಿ ಇಟ್ಟದ್ದು ನಾನು. ಪಾಪ, ಅವರು ಎಲ್ಲಿ ಅಂತ ಹುಡುಕುದು?" ಅಷ್ಟು ವರ್ಷಗಳಲ್ಲಿ ಅಕ್ಕನ ಕಣ್ಣಲ್ಲಿ ನೀರು ಕಂಡದ್ದು ಅಂದೇ.

ಮರುದಿನ ಬೆಳಿಗ್ಗೆ ಪೇಂಟರನ್ನು ಕರೆದುಕೊಂಡು ಹೋದರು. ಮಗನಿಗೆ ಸಿಟ್ಟು ಬಂತು. "ಎಲ್ಲ ಕೆನೆಬಣ್ಣದ ನಡುವೆ ಬಚ್ಚಲಿನ ಒಂದೇ ಬಾಗಿಲಿಗೆ ನೀಲಿಯಾ? ಅಂದ ಎಂತ ಉಳೀತದೆ? ಬಾಗಿಲು ಕಾಣ್ಬಾರ್ದು ಅಂತ ಹೇಳಿದ್ದು ನೀವೇ ಅಲ್ವಾ ಅಕ್ಕ?"

"ಹೌದು, ನಾನೇ. ಈಗ ಕಾಣ್ಬೇಕು ಅಂತ ಹೇಳುದೂ ನಾನೇ," ಎಂದರು ಅಕ್ಕ.

ಕಡುನೀಲಿ ಬಳಿದು, ಹಿತ್ತಾಳೆಯ ಹಿಡಿ ಹಾಕಿಸಿದ್ದಾಯಿತು. ಅಜ್ಜ ಬಂದರು, ಬಾಗಿಲು ಕಂಡರು, ಅದರ ಮುಂದೆ ಗೌರವದಿಂದ ನಿಂತರು, ಹಿಂತಿರುಗಿ "ಯಾರ ಮನೆ ಇದು?" ಎಂದು ಕೇಳಿದರು. ಅಪರಿಚಿತರ ಬಾಗಿಲನ್ನು ತಳ್ಳಿ ಒಳಗೆ ಹೋಗುವ ಮನುಷ್ಯ ಅವರಲ್ಲ. ಮತ್ತೆ ಮೂಲೆಯೇ ಗತಿಯಾಯಿತು. ಮಗ ತಾವೇ ಬಕೆಟ್ ತಂದು ಒರೆಸಿದರು. ಅಕ್ಕನಿಗೆ ಅದು ಬೈಗುಳಕ್ಕಿಂತ ಹೆಚ್ಚು ತಾಗಿತು.

ಅಂದು ಸಂಜೆಯವರೆಗೂ ಅಕ್ಕ ಅಜ್ಜನ ಜೊತೆ ಜಗಲಿಯಲ್ಲಿ ಕುಳಿತು ಬಸ್ಸಿನ ಹರಟೆ ಹೊಡೆದರು. ಅಜ್ಜನಿಗೆ ಬೆಳಗ್ಗಿನ ಕಾಫಿ ನೆನಪಿರಲಿಲ್ಲ, ಆದರೆ ಸಂಪ್ಯ, ಕುಂಬ್ರ, ಕಾವು, ಕನಕಮಜಲು, ಜಾಲ್ಸೂರು ಎಂದು ದಾರಿಯ ಸ್ಟಾಪುಗಳೆಲ್ಲ ಸಾಲಾಗಿ ಬರುತ್ತಿದ್ದವು.

"ಬಸ್ಸಿಗೆ ಯಾವ ಬಣ್ಣ ಇತ್ತು ಅಜ್ಜ?"

"ಕೆಂಪು. ಬಾಗಿಲಿಗೆ ಹಳದಿ ಅಂಚು. ದೂರದಿಂದಲೇ ಜನ ಕೈ ಅಡ್ಡ ಹಾಕ್ತಿದ್ರು, ಗೊತ್ತುಂಟಾ?"

ಮಾತು ಮುಗಿಸಿ ಏಳುವಾಗ ಅವರ ಬಲಗೈ ತಾನಾಗಿ ಮೇಲೆ ಹೋಗಿ ಕಿಟಕಿಯ ಸರಳನ್ನು ಹಿಡಿಯಿತು. ಅಕ್ಕ ನನ್ನ ತೊಡೆಗೆ ಎಷ್ಟು ಜೋರಾಗಿ ಹೊಡೆದರೆಂದರೆ ನಾನು ಕೂಗಿಕೊಂಡೆ. "ಕಂಬಿ! ಅವರಿಗೆ ಹಿಡ್ಕೊಳ್ಳಲಿಕ್ಕೆ ಕಂಬಿ ಬೇಕು ಮಾರಾಯ್ತಿ!"

ಶನಿವಾರ ಇಡೀ ಕೆಲಸ ನಡೆಯಿತು. ಬಾಗಿಲು ಬಸ್ಸಿನ ಕೆಂಪಾಯಿತು, ಸುತ್ತ ಹಳದಿ ಅಂಚು ಬಂತು, ಪಕ್ಕದಲ್ಲಿ ಬಸ್ಸು ಹತ್ತುವಾಗ ಹಿಡಿಯುವಂಥದೇ ಒಂದು ಸ್ಟೀಲಿನ ಉದ್ದ ಕಂಬಿ ನಿಂತಿತು. ಮಗ ತಲೆ ಚಚ್ಚಿಕೊಂಡು ಅಂಗಳಕ್ಕೆ ಹೋದರು. ಸೌಂದರ್ಯದ ಲೆಕ್ಕದಲ್ಲಿ ಅವರ ಸಂಕಟ ನ್ಯಾಯವೇ ಆಗಿತ್ತು. ನೋಡಲಿಕ್ಕೆ ಅದು ಘೋರವಾಗಿತ್ತು.

ಆದಿತ್ಯವಾರ ಬೆಳಿಗ್ಗೆ ಕಡಬದ ಮಗ ಕಾರಿನಲ್ಲಿ ಬಂದರು. ಸೊಸೆ ಅಜ್ಜನ ಅಂಗಿ, ಪಂಚೆಗಳನ್ನು ಬ್ಯಾಗಿಗೆ ತುಂಬಿಸಿಟ್ಟಿದ್ದರು. ಕಾಫಿ ಕುಡಿದು ಅಜ್ಜ ಎದ್ದು ಪ್ಯಾಸೇಜಿಗೆ ಹೋದರು. ನಾವೆಲ್ಲ ಹಿಂದೆ ನಿಂತು ನೋಡಿದೆವು. ಅವರು ಕೆಂಪು ಬಾಗಿಲ ಮುಂದೆ ನಿಂತರು. ಕೈ ಮೇಲೆ ಹೋಯಿತು. ಕಂಬಿಯನ್ನು ಹಿಡಿದು, ಗಟ್ಟಿ ಇದೆಯೋ ಎಂದು ಒಮ್ಮೆ ಎಳೆದು ನೋಡಿ, ಬಾಗಿಲು ತಳ್ಳಿ ಒಳಗೆ ಹೋದರು. ಒಳಗಿನಿಂದ ನಮ್ಮ ಕಡೆಯ ಕಂಡಕ್ಟರುಗಳು ಬಸ್ಸು ಹೊರಡಿಸುವ ಆ ತುಳು ಕೂಗು ಕೇಳಿತು: "ರೈಟ್, ಪೋಯಿ!"

ಎಲ್ಲರೂ ನಕ್ಕರು. ಸೊಸೆ ಮಾತ್ರ ಅಲ್ಲೇ ನೆಲದ ಮೇಲೆ ಕುಳಿತು ಅತ್ತರು. ಕಡಬದ ಮಗ ಇನ್ನೊಂದು ಕಾಫಿ ಕುಡಿದು, "ಸದ್ಯ ಇಲ್ಲೇ ಇರ್ಲಿ, ನೋಡುವ," ಎಂದು ಒಬ್ಬರೇ ಹಿಂತಿರುಗಿದರು. ಅಜ್ಜ ಕೊನೆಯವರೆಗೂ ಆ ಮನೆಯಲ್ಲೇ ಇದ್ದರು. ಕೆಲವೊಮ್ಮೆ ಒಳಗೆ ಹೋದವರು ಹೊರಬರುವುದನ್ನೇ ಮರೆಯುತ್ತಿದ್ದರಂತೆ. ಆಗ ಮಗನೇ ಹೊರಗೆ ನಿಂತು "ಸುಳ್ಯ ಬಂತು, ಇಳೀರಿ" ಎಂದು ಕೂಗಬೇಕಾಗುತ್ತಿತ್ತು.

ಆ ಆದಿತ್ಯವಾರದ ಮಾರನೆಯ ದಿನವೇ ಅಕ್ಕ ಆಫೀಸಿನ ಗೋಡೆಯಿಂದ ಆ ಕೆನೆಬಣ್ಣದ ಪ್ಯಾಸೇಜಿನ ಫೋಟೋ ತೆಗೆದುಹಾಕಿದರು. ಅಷ್ಟಕ್ಕೆ ನಿಲ್ಲಿಸಿದ್ದರೆ ನನಗೂ ತಕರಾರಿರಲಿಲ್ಲ. ಹೊಸ ಗಿರಾಕಿ ಯಾರೇ ಬರಲಿ, ಬಣ್ಣದ ಮಾತು ತೆಗೆಯುವ ಮೊದಲು ಕುಂಬ್ರದ ಕಥೆಯನ್ನು ಆರಂಭದಿಂದ ಹೇಳುತ್ತಿದ್ದರು. ತಮ್ಮ ತಪ್ಪನ್ನು ಎಲ್ಲಿಯೂ ತೆಳುವಾಗಿಸುತ್ತಿರಲಿಲ್ಲ. ಕೇಳಿ ಎದ್ದುಹೋದವರಿದ್ದಾರೆ. ನಾನು ಜಗಳ ಮಾಡಿದೆ. ನಮ್ಮ ಕಾಲಿಗೆ ನಾವೇ ಕೊಡಲಿ ಹಾಕಿಕೊಳ್ಳುವುದು ಯಾಕೆಂದು ಕೇಳಿದೆ.

"ಇದನ್ನು ಕೇಳಿಯೂ ಕರೆದವರ ಮನೆಗೆ ನಾವು ಹೋಗುವ," ಎಂದರು ಅಕ್ಕ. "ಉಳಿದವರಿಗೆ ಪುತ್ತೂರಿನಲ್ಲಿ ಬೇರೆ ಡಿಸೈನರ್ ಇದ್ದಾರಲ್ಲ, ಗೋಡೆ ಹಾಳು ಮಾಡ್ಲಿಕ್ಕೆ."

ಕಳೆದ ವರ್ಷ ಎದೆ ನೋವೆಂದು ಆಸ್ಪತ್ರೆಗೆ ಹೋದ ಅಕ್ಕ ಮರಳಿ ಬರಲಿಲ್ಲ. ಅಳುವವರನ್ನು ಕಂಡರೆ ರೇಗುವ ಹೆಂಗಸು ಅವರು, ಆದರೂ ನಾನು ಅತ್ತೆ. ಆಫೀಸು ಕೆಲವು ವಾರ ಮುಚ್ಚಿತ್ತು. ಮತ್ತೆ ತೆರೆದಾಗ ಅವರ ಕುರ್ಚಿಯಲ್ಲಿ ಕೂರಲು ಮನಸ್ಸಾಗದೆ ಎದುರಿನ ಸ್ಟೂಲಿನಲ್ಲೇ ಕುಳಿತಿದ್ದೆ.

ಮೊದಲು ಬಂದವರು ಮಂಡೆಕೋಲಿನ ಕಡೆಯ ಗಂಡ ಹೆಂಡತಿ. ಅವರಿಗೆ ಎಲ್ಲವೂ ಬಿಳಿಯಾಗಬೇಕಿತ್ತು. ನೆಲ, ಗೋಡೆ, ಅಡುಗೆಮನೆಯ ಕಪಾಟು ಎಲ್ಲ ಅಚ್ಚ ಬಿಳಿ. ಬರೆದುಕೊಂಡು ಕಳುಹಿಸಿದರೆ ಒಳ್ಳೆಯ ಕೆಲಸವೊಂದು ಸಿಗುತ್ತಿತ್ತು, ಆ ಹೊತ್ತಿಗೆ ನನಗೆ ಅದು ಬೇಕಾಗಿಯೂ ಇತ್ತು. ಆದರೆ ಪೆನ್ನು ಕೆಳಗಿಟ್ಟು ಕುಂಬ್ರದ ಕಥೆ ಹೇಳತೊಡಗಿದೆ. ಅಕ್ಕನಷ್ಟು ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ. ಅವರಿಬ್ಬರೂ ಮೊಬೈಲು ಮುಟ್ಟದೆ ಕೇಳಿದರು.

"ಆ ಅಕ್ಕ ನಮ್ಮ ಮನೆಗೆ ಬರ್ಲಿಕ್ಕುಂಟಾ?" ಎಂದು ಹೆಂಡತಿ ಕೇಳಿದರು.

"ಅವರು ತೀರಿಹೋದ್ರು," ಎಂದೆ. ಆ ಮಾತನ್ನು ನನ್ನ ಬಾಯಿಂದ ಯಾರಿಗಾದರೂ ಹೇಳಿದ್ದು ಅದೇ ಮೊದಲು. "ಇನ್ನು ನಾನು ಬರುದು."

ಆಕೆ ಗಂಡನ ಮುಖ ನೋಡಿದರು. ಆಮೇಲೆ ಕುರ್ಚಿಯನ್ನು ನನ್ನ ಕಡೆಗೆ ಎಳೆದುಕೊಂಡು ಹೇಳಿದರು:

"ಒಂದು ವಿಷಯ ಹೇಳ್ಲಿಲ್ಲ ನಾವು. ಮನೆಯಲ್ಲಿ ಅತ್ತೆ ಇದ್ದಾರೆ. ಅವರಿಗೆ ಕಣ್ಣು ಸರಿ ಕಾಣುದಿಲ್ಲ."